ಮರಳ ದಿಣ್ಣೆಯ ಮೇಲೆ ಹಮೀದಾಕ ಕೇಳಿದ್ದು

ಎರಡು ವರ್ಷಗಳ ಹಿಂದಿನ ಜನವರಿ. ನಾನು ದುಬೈಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಆಹಾರ ಪದಾರ್ಥಗಳನ್ನು ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸ, ಅಲ್ ಬರ್ಷಾದ ಒಂದು ಫ್ಲಾಟಿನಲ್ಲಿ ವಾಸ. ಕೋಣೆಯನ್ನು ನಾನೂ ಶಾಹಿನಾಳೂ ಹಂಚಿಕೊಂಡಿದ್ದೆವು. ಶಾಹಿನಾ ಉಳ್ಳಾಲದ ಬ್ಯಾರಿ ಹುಡುಗಿ, ಅದೇ ಲ್ಯಾಬಿನವಳು. ನಾನು ಇಡೀ ದಿನ ಆಡುವಷ್ಟು ಮಾತನ್ನು ಅವಳು ಬೆಳಗಿನ ಚಹಾ ಮುಗಿಯುವುದರೊಳಗೆ ಆಡುತ್ತಿದ್ದಳು.

ನಿನ್ನ ಊರು ಯಾವುದು ಎಂದು ಯಾರಾದರೂ ಕೇಳಿದರೆ ನಾನು ‘ಉಡುಪಿ ಕಡೆ’ ಎನ್ನುತ್ತಿದ್ದೆ. ತಂದೆ ಏನು ಮಾಡುತ್ತಾರೆ ಎಂದರೆ ‘ಸ್ವಂತ ಕೆಲಸ’. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ತಂದೆ ಮಲ್ಪೆ ಹತ್ತಿರದ ಪಡುಕೆರೆಯಲ್ಲಿ ಕೈರಂಪಣಿ ಎಳೆಯುವವರು. ದಡದಲ್ಲೇ ನಿಂತು, ಹತ್ತಾರು ಜನ ಹಗ್ಗ ಹಿಡಿದು ಕಡಲಿನಿಂದ ಬಲೆ ಎಳೆಯುವ ಮೀನುಗಾರಿಕೆ ಅದು. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ಒಬ್ಬಳು, ನಾನು ಊರಿನಿಂದ ತಂದ ಚೀಲದ ಹತ್ತಿರ ಬಂದು ಮೂಗು ಮುಚ್ಚಿಕೊಂಡಿದ್ದಳು. ಚೀಲದಲ್ಲಿದ್ದದ್ದು ಪುಸ್ತಕಗಳು ಮಾತ್ರ. ಅಂದಿನಿಂದ ಮನೆಯ ವಿಷಯ ಹೇಳುವುದನ್ನು ಬಿಟ್ಟಿದ್ದೆ. ಶಾಹಿನಾಳಿಗೂ ಗೊತ್ತಿರಲಿಲ್ಲ.

ಶಾಹಿನಾಳ ಅಪ್ಪ ಅಮ್ಮ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದರು. ಅವಳು ವಾರದ ರಜೆಗೆ ಅಲ್ಲಿಗೆ ಹೋಗುತ್ತಿದ್ದಳು. ಆ ಶನಿವಾರ ನನ್ನನ್ನೂ ಎಳೆದುಕೊಂಡು ಹೋದಳು. ಅವಳು ‘ಉಪ್ಪ’ ಎಂದು ಕರೆಯುವ ಅಪ್ಪ ಹಮೀದಾಕ ಶಾಲಾ ಬಸ್ಸಿನ ಚಾಲಕರು. ವಯಸ್ಸು ಐವತ್ತೆಂಟು, ಎತ್ತರದ ಆಳು, ಬಲ ಮೊಣಕಾಲು ಮಾತ್ರ ಕೆಟ್ಟಿತ್ತು. ವಾರದಲ್ಲಿ ಐದು ದಿನ ಮಕ್ಕಳ ಗಲಾಟೆ ಕೇಳಿದವರಿಗೆ ಭಾನುವಾರ ಬೆಳಿಗ್ಗೆ ಕಡಲ ದಡದಲ್ಲಿ ಗಾಳ ಹಾಕಿ ಸುಮ್ಮನೆ ನಿಲ್ಲುವುದೇ ವಿಶ್ರಾಂತಿ. ಅದಕ್ಕೆ ಬೇಕಾದ ಪರವಾನಗಿಯನ್ನು ಮಾಡಿಸಿಟ್ಟುಕೊಂಡಿದ್ದರು. ನನಗೂ ಶಾಹಿನಾಳೇ ಒಂದು ಮಾಡಿಸಿದಳು. ಅವರು ಹಿಡಿಯುತ್ತಿದ್ದದ್ದು ಹೆಚ್ಚಾಗಿ ಕಾಣೆ ಮೀನು. ದಡಕ್ಕೆ ಹತ್ತಿರ, ಅಲೆ ಒಡೆಯುವ ಕಡೆ, ಮರಳಿನ ಮೇಲೆ ಮೇಯುವ ಮೀನು ಅದು. ಹಿಡಿಯಲು ದೋಣಿ ಬೇಡ, ಉದ್ದನೆಯ ಕೋಲು ಮತ್ತು ತಾಳ್ಮೆ ಸಾಕು.

ರಾತ್ರಿ ಊಟಕ್ಕೆ ಕೂತಾಗ ಹಮೀದಾಕ ಬೆಳಗ್ಗಿನ ನೀರಿನ ವಿಷಯ ಎತ್ತಿದರು. ಅವರು ಮೀನು ಹಿಡಿಯುವ ಜಾಗದಲ್ಲಿ ನೀರು ಇಳಿದಾಗ ದಡದಿಂದ ಇನ್ನೂರು ಹೆಜ್ಜೆ ಆಚೆ ಒಂದು ಮರಳ ದಿಣ್ಣೆ ಮೇಲೇಳುತ್ತದೆ. ಒಳ್ಳೆಯ ಮೀನು ಅದರ ಹೊರ ಅಂಚಿನಲ್ಲಿ. ಆದರೆ ದಡಕ್ಕೂ ದಿಣ್ಣೆಗೂ ನಡುವೆ ಕಾಲುವೆಯಂಥ ತಗ್ಗಿದೆ. ನೀರು ಏರುವ ಮೊದಲು ವಾಪಸ್ ದಾಟಿಬಿಡಬೇಕು. ಅವರಿಗೆ ಈಜು ಬಾರದು. ಹಾಗಾಗಿ ಒಬ್ಬರೇ ಇರುವಾಗ ದಿಣ್ಣೆಗೆ ಹೋಗುತ್ತಿರಲಿಲ್ಲವಂತೆ.

“ನೀರು ಎಷ್ಟು ಹೊತ್ತಿಗೆ ಏರ್ತದೆ ಅಂತ ಸ್ವಲ್ಪ ನೋಡಿ ಹೇಳ್ತೀಯಾ ಮಗಳೇ? ಇವಳಿಗೆ ಹೇಳಿದ್ರೆ ನಾಳೆಯ ಬದಲು ನಾಡಿದ್ದಿನದು ನೋಡ್ತಾಳೆ” ಎಂದರು.

ನಾನು ಫೋನು ಕೈಗೆತ್ತಿಕೊಂಡೆ. ಆದರೆ ತೆರೆಯಲಿಲ್ಲ. ಅಷ್ಟರಲ್ಲಿ ಮನಸ್ಸು ತಾನೇ ಲೆಕ್ಕ ಹಾಕಿ ಮುಗಿಸಿತ್ತು. ಮರುದಿನ ಅಮಾವಾಸ್ಯೆ ಕಳೆದ ಮೂರನೆಯ ದಿನ, ತದಿಗೆ. ಚಿಕ್ಕವಳಿದ್ದಾಗ ಅಜ್ಜ ಬಲೆ ಸರಿಮಾಡುತ್ತಾ ಹೇಳಿಕೊಟ್ಟ ಲೆಕ್ಕದ ಪ್ರಕಾರ ಅಂದು ಬೆಳಿಗ್ಗೆ ಎಂಟರ ಹೊತ್ತಿಗೆ ನೀರು ಪೂರ್ತಿ ಇಳಿದಿರಬೇಕು. ಪಡುಕೆರೆಯಲ್ಲಿ ಆ ಲೆಕ್ಕ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಒಂಬತ್ತರವರೆಗೆ ಭಯವಿಲ್ಲ ಎಂದೆ. ನಾನು ಫೋನು ನೋಡಿ ಹೇಳಿದೆ ಎಂದೇ ಅವರು ಭಾವಿಸಿದರು. ಅದು ನನಗೂ ಗೊತ್ತಾಯಿತು. ತಿದ್ದಲು ಹೋದರೆ ಅಜ್ಜನ ವಿಷಯ ಹೇಳಬೇಕು, ಆಮೇಲೆ ಉಳಿದದ್ದೆಲ್ಲ. ಸುಮ್ಮನಾದೆ.

ಮರುದಿನ ಆರೂವರೆಗೆ ದಡ ಸೇರಿದೆವು. ದುಬೈ ಅಬುಧಾಬಿಗಳ ನಡುವಿನ ಒಂದು ಖಾಲಿ ದಡ. ಗಾಳಿ ಇರಲಿಲ್ಲ. ಬೆನ್ನ ಹಿಂದೆ ಹೆದ್ದಾರಿಯ ದೀಪಗಳು ಸ್ವಲ್ಪ ಮಸುಕಾಗಿ ಕಾಣುತ್ತಿದ್ದವು. ಶಾಹಿನಾಳಿಗೆ ತಣ್ಣೀರು ಎಂದರೆ ಆಗದು. ಹಾಲು ಹಾಕದ ಸುಲೈಮಾನಿ ಚಹಾದ ಫ್ಲಾಸ್ಕ್ ಹಿಡಿದು ಕಾರಿನ ಪಕ್ಕದಲ್ಲೇ ಚಾಪೆ ಹಾಸಿ ಕುಳಿತಳು. ಒದ್ದೆಯಾಗುತ್ತವೆ ಎಂದು ನಮ್ಮ ಫೋನುಗಳನ್ನೂ ಅವಳ ಹತ್ತಿರವೇ ಬಿಟ್ಟೆವು.

ತಗ್ಗಿನಲ್ಲಿ ನೀರು ಮೊಣಕಾಲಿನವರೆಗಿತ್ತು. ದಾಟಿ ದಿಣ್ಣೆ ಏರಿದೆವು. ಹಮೀದಾಕ ನನಗೆ ಗಾಳ ಕಟ್ಟಲು ಕಲಿಸತೊಡಗಿದರು. ಏನೂ ಗೊತ್ತಿಲ್ಲದವಳಂತೆ ನೋಡುತ್ತಿದ್ದೆ. ಆದರೆ ಸೀಸದ ಗುಂಡು ಕಟ್ಟುವಾಗ ಕೈ ತಾನೇ ಊರಿನ ಗಂಟು ಹಾಕಿಬಿಟ್ಟಿತು. ಅವರು ಗಂಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಇದು ಯಾರು ಕಲಿಸಿದ್ದು?”

“ಯೂಟ್ಯೂಬ್” ಎಂದೆ.

“ಒಳ್ಳೆ ಯೂಟ್ಯೂಬ್” ಎಂದು ಸಿಗಡಿಯ ಚೂರನ್ನು ಗಾಳಕ್ಕೆ ಚುಚ್ಚಿ ಕೊಟ್ಟರು.

ನಂತರದ ಮುಕ್ಕಾಲು ಗಂಟೆಯಂಥ ಸಂತೋಷ ನನಗೆ ಈ ದೇಶದಲ್ಲಿ ಅದುವರೆಗೆ ಸಿಕ್ಕಿರಲಿಲ್ಲ. ಅಲೆ ಒಡೆದು ನೊರೆ ಹಿಂದೆ ಸರಿಯುವ ಜಾಗಕ್ಕೆ ಗಾಳ ಎಸೆದು, ದಾರವನ್ನು ಬೆರಳ ಮೇಲೆ ಇಟ್ಟುಕೊಂಡು ಕಾಯುವುದು. ಕಾಣೆ ಮೀನು ಮೊದಲು ಎರಡು ಸಲ ಸಣ್ಣಗೆ ತಟ್ಟುತ್ತದೆ. ಆಗಲೇ ಎಳೆದರೆ ಹೋಯಿತು. ಮೂರನೆಯ ಸಲ ಎಳೆಯಬೇಕು. ನನಗೆ ನಾಲ್ಕು, ಅವರಿಗೆ ಐದು ಸಿಕ್ಕಿದವು. ನಾವು ಕಡಲನ್ನೇ ನೋಡುತ್ತಿದ್ದುದರಿಂದ ಹಿಂದೆ ಏನಾಗುತ್ತಿದೆ ಎಂದು ಇಬ್ಬರೂ ನೋಡಲಿಲ್ಲ.

ಬೆನ್ನಿಗೆ ಚಳಿ ತಗುಲಿದಂತಾಗಿ ತಿರುಗಿದೆ. ದಡ ಇರಲಿಲ್ಲ. ಕಾರು, ಶಾಹಿನಾ, ಹೆದ್ದಾರಿಯ ದೀಪ ಯಾವುದೂ ಇಲ್ಲ. ಮರಳುಗಾಡಿನ ಕಡೆಯಿಂದ ಬಂದ ಮಂಜು ನಮ್ಮನ್ನು ದಾಟಿ ಕಡಲಿನ ಮೇಲೂ ಹರಡುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನನ್ನ ಗಾಳದ ಕೋಲಿನ ತುದಿಯೇ ನನಗೆ ಕಾಣದಾಯಿತು. ಸರಿಹೋಗುತ್ತದೆ, ಬಿಸಿಲು ಬಂದರೆ ಕರಗುತ್ತದೆ ಎಂದರು ಹಮೀದಾಕ. ನಿಂತು ಕಾಯೋಣ ಎಂದುಕೊಂಡೆವು. ಮೀನಿನ ಚೀಲ ಎತ್ತಿಕೊಳ್ಳಲು ಒಂದೆರಡು ಸಲ ಅತ್ತಿತ್ತ ಓಡಾಡಿದೆವು. ಅಷ್ಟರಲ್ಲಿ ಕಾಲಡಿ ನೀರು ಬಂತು. ನಮ್ಮ ಹೆಜ್ಜೆಗುರುತುಗಳು ಅಳಿಸಿಹೋದವು.

ನನ್ನ ಕೈಗಡಿಯಾರದಲ್ಲಿ ಗಂಟೆ ಆಗ ಏಳೂವರೆ. ನನ್ನ ಲೆಕ್ಕದಂತೆ ಇನ್ನೂ ಇಳಿಯಬೇಕಾಗಿದ್ದ ನೀರು ಏರುತ್ತಿತ್ತು.

ದಡ ಯಾವ ಕಡೆ ಎಂದು ಇಬ್ಬರಿಗೂ ತಿಳಿಯಲಿಲ್ಲ. ಗಾಳಿ ಇಲ್ಲದೆ ಅಲೆಗಳು ಸಣ್ಣಗಿದ್ದವು. ದಿಣ್ಣೆಯನ್ನು ಸುತ್ತಿಬಂದು ನಾಲ್ಕೂ ಕಡೆಯಿಂದ ಕಾಲಿಗೆ ಬಡಿಯುತ್ತಿದ್ದವು. ಶಾಹಿನಾ ಕಾರಿನ ಹಾರ್ನ್ ಒತ್ತತೊಡಗಿದಳು. ಮಂಜಿನಲ್ಲಿ ಆ ಸದ್ದು ಒಮ್ಮೆ ಎಡಗಡೆ, ಒಮ್ಮೆ ನೆತ್ತಿಯ ಮೇಲೆ ಕೇಳುತ್ತಿತ್ತು. ಕೂಗಿದರೂ ಅಷ್ಟೇ. ನೀರು ಮೀನಖಂಡ ಮುಟ್ಟಿತು. ತಪ್ಪು ದಿಕ್ಕಿಗೆ ಇಪ್ಪತ್ತು ಹೆಜ್ಜೆ ಇಟ್ಟರೂ ಆಳದ ಕಡಲು. ನನಗೆ ಈಜು ಬರುತ್ತದೆ. ಅವರಿಗೆ ಬಾರದು.

ಆಗ ಹಮೀದಾಕ ಕೇಳಿದರು, “ಫೋನಲ್ಲಿ ಒಂಬತ್ತು ಅಂತಲೇ ಇತ್ತಾ ಮಗಳೇ?” ದೂರುವ ದನಿಯೇನಲ್ಲ. ಬಸ್ಸಿನವರು ದಾರಿ ಕೇಳುವಂತೆ ಕೇಳಿದರು.

“ನಾನು ಫೋನು ನೋಡಲೇ ಇಲ್ಲ” ಎಂದೆ. “ತಿಥಿ ಹಿಡಿದು ಹೇಳಿದೆ. ನಮ್ಮಜ್ಜನ ಲೆಕ್ಕ. ಊರಿನ ಕಡಲಿನದು.”

ಅವರು ಗಾಳದ ದಾರವನ್ನು ಸುತ್ತಿ ಮುಗಿಸಿ ನನ್ನತ್ತ ತಿರುಗಿದರು.

“ನೀನು ಮೊಗವೀರರ ಮಗಳಾ?”

“ಹೌದು. ಅಪ್ಪ ರಂಪಣಿ ಎಳೀತಾರೆ. ಪಡುಕೆರೆಯಲ್ಲಿ.”

“ಅದನ್ನು ಮೊದಲೇ ಹೇಳುವುದಲ್ವಾ” ಎಂದರು. “ನಾನು ಲ್ಯಾಬಿನ ಮೇಡಂ ಜೊತೆ ಸಿಕ್ಕಿಹಾಕಿಕೊಂಡೆ ಅಂತ ಹೆದರಿದ್ದೆ. ಈಗ ನೀನೇ ಹೇಳು, ಎತ್ತ ಹೋಗುವಾ?”

ಅವರು ತಮಾಷೆಗೆ ಅಂದರೋ ನನ್ನ ಧೈರ್ಯಕ್ಕೆ ಅಂದರೋ ಇವತ್ತಿಗೂ ಕೇಳಿಲ್ಲ. ಆದರೆ ಆ ಮಾತಿನಿಂದ ನನ್ನ ತಲೆ ಕೆಲಸ ಮಾಡತೊಡಗಿತು. ಬಲೆ ಎಳೆಯುವ ದಿನಗಳಲ್ಲಿ ಅಪ್ಪ ನಮ್ಮನ್ನು ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಗಿರಗಿರ ತಿರುಗಿಸಿ, ದಡಕ್ಕೆ ನಡೆಯಿರಿ ಎನ್ನುತ್ತಿದ್ದರು. ಮಕ್ಕಳಾದ ನಮಗೆ ಅದು ಆಟ. ಅಲೆ ಆಡುವ ಕಡೆ ನೀರಿನಡಿಯ ಮರಳಿನಲ್ಲಿ ಸಾಲುಸಾಲು ಗೆರೆಗಳೇಳುತ್ತವೆ. ಪ್ರತಿಯೊಂದು ಗೆರೆಗೂ ಒಂದು ಮಗ್ಗುಲು ಓರೆ, ಇನ್ನೊಂದು ಮಗ್ಗುಲು ಕಡಿದು. ಕಡಿದಾದ ಮಗ್ಗುಲು ದಡದ ಕಡೆಗಿರುತ್ತದೆ. ಕಣ್ಣಿಗಿಂತ ಅಂಗಾಲಿಗೆ ಅದು ಚೆನ್ನಾಗಿ ತಿಳಿಯುತ್ತದೆ.

ಚಪ್ಪಲಿ ಕಳಚಿದೆ. ಅಂಗಾಲನ್ನು ಮೆಲ್ಲಗೆ ಉಜ್ಜುತ್ತಾ ಒಂದು ಸುತ್ತು ತಿರುಗಿದೆ. ಮೊದಲು ಏನೂ ತಿಳಿಯಲಿಲ್ಲ, ಕಾಲು ಮರಗಟ್ಟಿತ್ತು. ಎರಡನೆಯ ಸಲ ಸಿಕ್ಕಿತು. ಬೇರೆ ಕಡೆ ನಾಲ್ಕು ಹೆಜ್ಜೆ ಸರಿದು ಮತ್ತೆ ನೋಡಿದೆ, ಅದೇ ದಿಕ್ಕು. ಮೂರನೆಯ ಕಡೆಯೂ ಅದೇ. ನನಗೆ ದಡ ಎನಿಸಿದ್ದ ದಿಕ್ಕಿಗೆ ಅದು ಸರಿಯಾಗಿ ವಿರುದ್ಧವಾಗಿತ್ತು.

ಹಮೀದಾಕನಿಗೆ ಎಲ್ಲ ಹೇಳಿದೆ. ನನಗೆ ಹೇಗೆ ಗೊತ್ತು, ಎಷ್ಟು ನಂಬಿಕೆ ಇದೆ, ತಪ್ಪಾದರೆ ಏನಾಗುತ್ತದೆ, ಎಲ್ಲವನ್ನೂ. ನಡಿ ಎಂದರು. ಗಾಳದ ಉದ್ದನೆಯ ಕೋಲಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವರು. ನನ್ನ ನಡಿಗೆ ವಾಲಿ ಕೋಲು ಓರೆಯಾದರೆ ಹೇಳಿ ಎಂದು ಮುಂದೆ ನಡೆದೆ. ಪ್ರತಿ ಹೆಜ್ಜೆಗೂ ಗೆರೆ ಮುಟ್ಟಿ ನೋಡುತ್ತಿದ್ದೆ.

ತಗ್ಗು ಬಂದಾಗ ಗೆರೆಗಳು ನಿಂತವು. ಅಲ್ಲಿ ಬರೀ ಮೆತ್ತನೆಯ ಮರಳು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಪಕ್ಕಕ್ಕೆ ಎಳೆಯುತ್ತಿತ್ತು. ಹಿಂದೆ ಕೋಲು ಜಗ್ಗಿತು. ಅವರ ಮೊಣಕಾಲು ಸೋತಿತ್ತು.

“ನೀನು ಹೋಗು. ನಾನು ದಿಣ್ಣೆಗೆ ವಾಪಸ್ ಹೋಗಿ ನಿಲ್ತೇನೆ. ಯಾರನ್ನಾದರೂ ಕರ್ಕೊಂಡು ಬಾ.”

“ಆಗುವುದಿಲ್ಲ” ಎಂದೆ. “ದಿಣ್ಣೆ ಈಗ ಇರುವುದಿಲ್ಲ.”

ನಾನು ಹಿಂದೆ ಸರಿದು ಅವರ ಕೈಯನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಮೀನಿನ ಚೀಲ ತೇಲಿಹೋಯಿತು. ಆಮೇಲಿನ ಹೆಜ್ಜೆಗಳನ್ನು ನಾನು ಎಣಿಸಿದ್ದೆ, ಇಪ್ಪತ್ತಾರು. ಹದಿನೇಳನೆಯದಕ್ಕೆ ನೀರು ನನ್ನ ಗದ್ದಕ್ಕೆ ಬಂದಿತ್ತು. ನಾನು ನಂಬಿದ್ದು ತಪ್ಪಿರಬಹುದೇ ಎಂಬ ಒಂದೇ ಯೋಚನೆ. ಇಪ್ಪತ್ತೆರಡಕ್ಕೆ ಕಾಲಿನಡಿಯ ಮರಳು ಗಟ್ಟಿಯಾಗಿ, ಮೇಲಕ್ಕೆ ಏರಿತು. ಮಂಜಿನೊಳಗೆ ಯಾರೋ ಅಳುತ್ತಾ ಬೈಯುವುದು ಕೇಳಿಸಿತು. ತಣ್ಣೀರು ಎಂದರೆ ಆಗದ ಶಾಹಿನಾ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು.

ಅಪ್ಪನನ್ನು ಎಳೆದು ಕಾರಿನಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಬ್ಯಾರಿ ಭಾಷೆಯಲ್ಲಿ ಬೈದು ಮುಗಿಸಿದ ಮೇಲೆ ಅವಳಿಗೆ ನಿಜ ಹೇಳಿದೆ. ಹೇಳದಿದ್ದರೂ ಆಗುತ್ತಿತ್ತು. ಹಮೀದಾಕ ಕಣ್ಣಿನಲ್ಲೇ ಬೇಡ ಎಂದರು. ಆದರೂ ಹೇಳಿದೆ. ಅವಳು ನನ್ನನ್ನೇ ನೋಡಿ, “ನನ್ನ ಉಪ್ಪನ ಜೀವಕ್ಕಿಂತ ದೊಡ್ಡದಾ ನಿನ್ನ ನಾಚಿಕೆ?” ಎಂದಳು. ಎಂಟು ದಿನ ಒಂದೇ ಕೋಣೆಯಲ್ಲಿದ್ದೂ ಅವಳು ನನ್ನೊಡನೆ ಮಾತಾಡಲಿಲ್ಲ. ಆ ಎಂಟು ದಿನಗಳಲ್ಲಿ ಮಾತಿಲ್ಲದ ಕೋಣೆ ಎಂದರೇನು ಎಂದು ನನಗೆ ತಿಳಿಯಿತು.

ಒಂಬತ್ತನೆಯ ದಿನ ಹಮೀದಾಕ ನನಗೇ ಫೋನು ಮಾಡಿದರು. ಮೊಣಕಾಲು ಹೇಗಿದೆ ಎಂದರೆ ಬಸ್ಸಿಗಿಂತ ಚೆನ್ನಾಗಿದೆ ಎಂದರು. ಅಜ್ಜನ ಲೆಕ್ಕವನ್ನು ಬಿಡಬೇಡ, ಅದು ಕೆಟ್ಟ ಲೆಕ್ಕವಲ್ಲ, ಬೇರೆ ಕಡಲಿನ ಲೆಕ್ಕ ಅಷ್ಟೇ ಎಂದೂ ಹೇಳಿದರು. ಪಕ್ಕದ ಮಂಚದಲ್ಲಿದ್ದ ಶಾಹಿನಾ ಕೇಳಿಸಿಕೊಳ್ಳುತ್ತಿದ್ದಳು. ಫೋನು ಇಟ್ಟ ಮೇಲೆ, ಎಂಟು ದಿನಗಳ ಮಾತನ್ನೆಲ್ಲ ಒಟ್ಟಿಗೆ ಆಡಿದಳು. ಅರ್ಧ ಬೈಗುಳ. ಉಳಿದರ್ಧ, ರಂಪಣಿ ಎಂದರೇನು, ಹೆಂಗಸರೂ ಹಗ್ಗ ಎಳೆಯುತ್ತಾರಾ, ನೀನು ಎಳೆದಿದ್ದೀಯಾ ಎಂಬ ಪ್ರಶ್ನೆಗಳು. ನಾನು ಎಲ್ಲಕ್ಕೂ ಉತ್ತರ ಹೇಳಿದೆ. ಹೇಳಿ ಮುಗಿಯುವಾಗ ಒಂದು ಗಂಟೆ ಕಳೆದಿತ್ತು. ನಾನು ಅಷ್ಟು ಹೊತ್ತು ಮಾತಾಡಬಲ್ಲೆ ಎಂಬುದು ಇಬ್ಬರಿಗೂ ಹೊಸದು.

ಅಪ್ಪನಿಗೂ ಫೋನು ಮಾಡಿ ನಡೆದದ್ದನ್ನು ತಿಳಿಸಿದೆ. ಆ ಮನುಷ್ಯನಿಗೆ ಏನಾದರೂ ಆಗಿದ್ದರೆ ಎಂದರು. ಅಷ್ಟೇ. ಆ ವಾಕ್ಯವನ್ನು ಅವರು ಮುಗಿಸಲಿಲ್ಲ. ಅದು ನನ್ನೊಳಗೆ ಈಗಲೂ ಹಾಗೇ ನಿಂತಿದೆ.

ಮುಂದಿನ ನಾಲ್ಕು ತಿಂಗಳು ನಾನು ತಿಥಿಯನ್ನೂ ಕೊಲ್ಲಿಯ ನೀರಿನ ಸಮಯವನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟೆ. ಇಲ್ಲಿಯ ಉಬ್ಬರ ಇಳಿತಕ್ಕೆ ಬೇರೆಯದೇ ನಡೆಯಿದೆ. ಕೆಲವು ದಿನ ಎರಡು ಇಳಿತಗಳಲ್ಲಿ ಒಂದು ಇದ್ದೂ ಇಲ್ಲದಂತಿರುತ್ತದೆ. ಇಷ್ಟು ಗಂಟೆ ಕೂಡಿಸಿಯೋ ಕಳೆದೋ ಊರಿನ ಲೆಕ್ಕವನ್ನು ಇಲ್ಲಿಗೆ ತರಲಾಗುವುದಿಲ್ಲ ಎಂದು ಖಚಿತವಾಯಿತು. ಅದನ್ನು ಖಚಿತ ಮಾಡಿಕೊಂಡದ್ದರಲ್ಲೂ ಒಂದು ಸಮಾಧಾನವಿತ್ತು.

ನಾವು ಈಗಲೂ ಮೀನು ಹಿಡಿಯಲು ಹೋಗುತ್ತೇವೆ. ದಿಣ್ಣೆಗೆ ಹೋಗುವುದಿಲ್ಲ. ದಡದಿಂದಲೇ ಗಾಳ ಎಸೆಯುತ್ತೇವೆ, ಮೀನು ಸ್ವಲ್ಪ ಚಿಕ್ಕದು ಸಿಗುತ್ತದೆ. ಶಾಹಿನಾ ಬರಿಗಾಲಿನಲ್ಲಿ ನೀರಿಗಿಳಿದು ಗೆರೆ ಹುಡುಕುತ್ತಾಳೆ. ಇನ್ನೂ ಅವಳಿಗೆ ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತದೆ. ಕಳೆದ ವಾರ ಹಮೀದಾಕ ಎಂದಿನಂತೆ ನೀರು ಯಾವಾಗ ಏರುತ್ತದೆ ಎಂದು ಕೇಳಿದರು. ಫೋನಿನಲ್ಲಿ ಎಂಟೂ ಹತ್ತು ಎಂದಿದೆ, ಅಜ್ಜನ ಲೆಕ್ಕದಲ್ಲಿ ಒಂಬತ್ತೂವರೆ, ನನಗೆ ನಂಬಿಕೆ ಇರುವುದು ಫೋನಿನ ಮೇಲೆ ಎಂದೆ.

“ಸರಿ, ಎಂಟಕ್ಕೆ ಹೊರಡುವಾ” ಎಂದರು ಹಮೀದಾಕ. “ನಿನ್ನ ಅಜ್ಜನಿಗೆ ನನ್ನ ಸಲಾಂ ಹೇಳು.”