ಗಂಟಿನೊಳಗಿನ ನೀರು

ಇವತ್ತು ಬೆಳಿಗ್ಗೆ ಇಂದಿರಾನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಒಳಗೆಲ್ಲ ಹಸಿ ಅರಿಶಿನದ ವಾಸನೆ. ನನಗಿಂತ ಮುಂಚೆ ಬಂದ ಯಾರೋ ತಾಳಿ ಬಿಚ್ಚಿಟ್ಟು, ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋಗಿರಬೇಕು. ಎಂಆರ್‌ಐ ಯಂತ್ರದೊಳಕ್ಕೆ ಲೋಹ ಒಯ್ಯುವಂತಿಲ್ಲ, ಬರಿಗೊರಳಲ್ಲಿ ಹೋಗಲು ನಮ್ಮ ಹೆಂಗಸರಿಗೆ ಮನಸ್ಸು ಬಾರದು. ನನ್ನ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಅಲ್ಲೊಂದು ಗಂಟಿದೆ, ಅದಕ್ಕೇ ಬಂದಿದ್ದೆ. ಮೊದಲು ನಾವಿದ್ದ ಹಲಸೂರಿನ ವಠಾರದ ಪಕ್ಕದ ಮನೆ ಅಕ್ಕ ನೆನಪಾದರು...

ಅಕ್ಕ ಶುದ್ಧ ಪುಕ್ಕಲು. ಹಲ್ಲಿ ಲೊಚಗುಟ್ಟಿದರೆ ಹೊಸ್ತಿಲು ದಾಟುತ್ತಿರಲಿಲ್ಲ. ಮೆಟ್ರೊದಲ್ಲಿ ಎಸ್ಕಲೇಟರ್ ಕಂಡರೆ ನನ್ನ ತೋಳು ಬಿಡುತ್ತಿರಲಿಲ್ಲ. ಹೆದರುವವರ ಮೇಲೆ ಕಪ್ಪೆ ಎಸೆದರಂತೆ. ಗಂಟು ಎದ್ದದ್ದೂ ಅವರ ಕೊರಳಲ್ಲೇ. ಎಷ್ಟೋ ದಿನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು. ಒಂದು ದಿನ ಮಹಡಿ ಮೇಲೆ ಬಟ್ಟೆ ಒಣಹಾಕುವಾಗ ನನ್ನ ಬೆರಳನ್ನು ತಾವೇ ಹಿಡಿದು ಅದರ ಮೇಲಿಟ್ಟರು. "ಯಾರ್ಗೂ ಹೇಳ್ಬೇಡ ಕಣೇ. ಬಾಯಲ್ಲಿ ಹೇಳಿದ್ರೆ ನಿಜ ಆಗ್ಬಿಡುತ್ತೆ," ಎಂದರು.

ಒತ್ತಾಯ ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ಸೂಜಿ ಹಾಕಿ ನೋಡಿದರೂ ಗಂಟು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಡಾಕ್ಟರಮ್ಮ ಎಂಆರ್‌ಐ ಬರೆದರು. ಅಕ್ಕ ನಡುಗುವುದನ್ನು ನೋಡಿ ಬಿಡಿಸಿ ಹೇಳಿದರು: "ಶಿವಾಜಿನಗರ ಬಸ್ ಸ್ಟ್ಯಾಂಡ್ ನೋಡಿದೀರಲ್ಲಮ್ಮ? ಕೆಟ್ಟ ಗಂಟಲ್ಲಿ ಜೀವಕೋಶಗಳು ಅಲ್ಲಿನ ಜನದ ಹಾಗೆ ಒತ್ಕೊಂಡಿರ್ತವೆ, ಒಳಗಿರೋ ನೀರಿಗೆ ಓಡಾಡೋಕೆ ಜಾಗ ಇರಲ್ಲ. ಕ್ಯಾನ್ಸರ್ ಅಲ್ದಿರೋ ಗಂಟಲ್ಲಿ ಸಾಮಾನ್ಯವಾಗಿ ನೀರು ಆರಾಮಾಗಿ ಓಡಾಡುತ್ತೆ. ಅದನ್ನ ಈ ಸ್ಕ್ಯಾನಲ್ಲಿ ನೋಡ್ತೀವಿ. ಇದೇ ಕೊನೇ ಮಾತಲ್ಲ, ಒಂದು ಸುಳಿವು ಸಿಗುತ್ತೆ ಅಷ್ಟೆ."

ಅಕ್ಕನ ತಲೆಯಲ್ಲಿ ಉಳಿದದ್ದು ನೀರೊಂದೇ. ಸ್ಕ್ಯಾನಿನ ದಿನ ಎದ್ದಾಗಿನಿಂದ ಚೊಂಬುಗಟ್ಟಲೆ ಕುಡಿದರು, ಆಟೋದಲ್ಲೂ ಕುಡಿದರು. ಭಯಕ್ಕೆ ಬಾಯಿ ಒಣಗಿರಬೇಕೆಂದು ನಾನೂ ಸುಮ್ಮನಿದ್ದೆ. ಯಂತ್ರ ಧಡಧಡ ಸದ್ದು ಮಾಡುತ್ತಿರುವಾಗ ತೀರಾ ತೊಂದರೆಯಾದರೆ ಕರೆಯಲೆಂದು ಕೈಗೆ ಕೊಟ್ಟಿದ್ದ ರಬ್ಬರ್ ಗುಂಡನ್ನು ಒತ್ತಿ ಹಿಡಿದುಬಿಟ್ಟರು. ಗಾಬರಿಯಾಗಿ ಹೊರಗೆಳೆದರೆ, "ಬಾತ್‌ರೂಮ್ ಎಲ್ಲಪ್ಪಾ?" ಎಂದು ಓಡಿದರು. ಚಿತ್ರ ಪೂರ್ತಿ ಕೆಟ್ಟಿತ್ತು. ತಿರುಗಿ ಬಂದವರನ್ನು ಯಂತ್ರದ ಹುಡುಗಿ ಗದರಿಸಿದಾಗ, "ಗಂಟೊಳಗೆ ನೀರು ಓಡಾಡ್ಲಿ ಅಂತ ಕುಡ್ದೆ ಕಣಮ್ಮ," ಎಂದರು. ಅವಳು ನಕ್ಕಳು, ನಾನೂ ನಕ್ಕೆ. ಆಮೇಲೆ ಅಕ್ಕನೂ ನಕ್ಕರು. ಅಕ್ಕನನ್ನು ಮತ್ತೆ ಒಳಗೆ ಕಳಿಸಿದರು.

ವರದಿ ಬಂದಾಗ ಡಾಕ್ಟರಮ್ಮ ಅದನ್ನು ಎರಡೆರಡು ಸಲ ಓದಿದರು. ಅಕ್ಕನೇ ಕೇಳಿದರು: "ಓಡಾಡ್ತಿಲ್ವಾ?" ಅವರು ಇಲ್ಲವೆಂದು ತಲೆಯಾಡಿಸಿದರು. ಅಕ್ಕ ನನ್ನ ಕಡೆ ತಿರುಗಿ, "ಅಷ್ಟೊಂದು ಕುಡ್ದಿದ್ನಲ್ಲೇ..." ಎಂದರು. ನನಗೆ ಆ ಮುಖ ನೋಡಲಾಗಲಿಲ್ಲ. ಆಪರೇಷನ್ ಮಾಡಿ ತೆಗೆದ ಗಂಟು ಕ್ಯಾನ್ಸರೇ ಆಗಿತ್ತು. ಇಂಥದ್ದು ಹೆಚ್ಚಿನವರಿಗೆ ವಾಸಿಯಾಗುತ್ತದೆ ಎಂದಿದ್ದರು. ಅಕ್ಕನಿಗೆ ಆಗಲಿಲ್ಲ. ಶ್ವಾಸಕೋಶಕ್ಕೆ ಇಳಿದಿತ್ತು...

ನನ್ನ ವರದಿ ನಾಳೆ ಬರುತ್ತದೆ. ಏನೂ ಇರುವುದಿಲ್ಲ ಎಂದು ಯಜಮಾನರು ಆಗಲೇ ತೀರ್ಪು ಕೊಟ್ಟಿದ್ದಾರೆ. ಕೆ.ಆರ್. ಪುರದಿಂದ ಮಗಳು ಫೋನ್ ಮಾಡಿ, "ಇಂಥ ಗಂಟು ಮುಕ್ಕಾಲು ಪಾಲು ಏನೂ ಮಾಡಲ್ಲ ಕಣಮ್ಮ, ಸುಮ್ನೆ ಹೆದರ್ಕೋಬೇಡ," ಎಂದಳು. ಅವಳು ಹೇಳುವುದು ಸರಿಯೇ, ನನಗೂ ಗೊತ್ತು. ಆದರೂ ಹೆದರಿಕೆ ಬಿಡುತ್ತಿಲ್ಲ. ಧೈರ್ಯ ಹೇಳುವವರು ಮನೆ ತುಂಬ ಇದ್ದಾರೆ. ನನ್ನ ಪಕ್ಕ ಕೂತು, ನನ್ನಷ್ಟೇ ಹೆದರುವವರು ಒಬ್ಬರು ಬೇಕಿತ್ತು. ಅಕ್ಕ ಇಲ್ಲ.