ಹತ್ತೊಂಬತ್ತನೇ ಗೇಟಿನ ಮುಂದೆ ಮೀಟರಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಯಾರದೋ ಮನೆಯ ಅಂಗಳದಲ್ಲಿ ಸೊಂಟದೆತ್ತರದ ಕೋಲು ಊರಿ ನಿಂತಿದ್ದಾರೆ ಐವತ್ತೆರಡರ ಹೆಂಗಸು. ಕೋಲಿನ ತುದಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಮೀಟರು ಸೋಪಿನ ಡಬ್ಬಿಯಷ್ಟಿದೆ. ಮಣ್ಣಿನಿಂದ ಹೊಮ್ಮುವ ವಿಕಿರಣವನ್ನು ಅಳೆಯುವ ಯಂತ್ರ ಅದು. ನಿಮಿಷಕ್ಕೊಮ್ಮೆ ಬಗ್ಗಿ ನೋಡುತ್ತಾರೆ, ಅಂಕಿ ಬರೆದುಕೊಳ್ಳುತ್ತಾರೆ. ಹತ್ತು ನಿಮಿಷ, ಹತ್ತು ಅಂಕಿ. ಒಳಗಿನಿಂದ ಮುದುಕರೊಬ್ಬರು ಕೆಮ್ಮುತ್ತ ಕೂಗುತ್ತಾರೆ.

"ಏನಮ್ಮಾ ಮೀಟರಕ್ಕ, ಈ ತಿಂಗಳು ಕರೆಂಟ್ ಬಿಲ್ ಎಷ್ಟು ಬಂತು?"

"ನಿಮ್ದು ಯಾವಾಗ್ಲೂ ಕಮ್ಮಿನೇ ತಾತ. ಮಲ್ಕೊಳ್ಳಿ."

ಆರು ವರ್ಷದ ಹಳೇ ಜೋಕು. ಇಬ್ಬರೂ ನಗುತ್ತಾರೆ. ಶಾಲೆಯ ಗಂಟೆ ಹೊಡೆಯುವವರೆಗೆ ಮೀಟರಕ್ಕನ ಜೊತೆ ನಕ್ಕು ಮಾತಾಡುವವರು ಇನ್ಯಾರೂ ಇಲ್ಲ.

ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆದಿಡುವುದು ಅವರ ನೌಕರಿ. ಶಾಲೆಯ ಹಿಂದಿನ ಒಂಟಿ ಕೋಣೆಯಲ್ಲೇ ವಾಸ. ಕಿಟಕಿಯಲ್ಲಿ ಒಂದು ತಟ್ಟೆ, ಒಂದು ಲೋಟ ಬೋರಲು ಹಾಕಿದೆ. ಊರಾಚೆಯ ಖನಿಜ ಕಾರ್ಖಾನೆಯ ತ್ಯಾಜ್ಯದಲ್ಲಿ ವಿಕಿರಣವಿದೆಯೆಂದು ಜನ ಬೀದಿಗಿಳಿದಾಗ ಹೋರಾಟ ಸಮಿತಿಗೆ ಯಾರೋ ಈ ಮೀಟರು ಕೊಟ್ಟರು. ಕಾಲೇಜಿನ ಹುಡುಗರು ಒಂದು ತಿಂಗಳು ಹುರುಪಿನಿಂದ ಅಳೆದು ಕೈಬಿಟ್ಟರು. ಆಮೇಲೆ ಅದು ಇವರ ಕೈಗೆ ಬಂತು, ಇಲ್ಲೇ ಉಳಿಯಿತು.

ಆಗ ತಿಂಗಳಿಗೆ ಇಪ್ಪತ್ತೆರಡು ಅಂಗಳ ಅಳೆಯುತ್ತಿದ್ದರು. ಈಗ ಗೇಟು ತೆಗೆಯುವ ಮನೆಗಳು ಒಂಬತ್ತು. ಅಂಕಿ ಜಾಸ್ತಿ ಬಂದ ಮನೆಗೆ ಬಾಡಿಗೆಯವರು ಬರುವುದಿಲ್ಲ, ನೆಂಟರೂ ಎರಡು ದಿನ ಉಳಿಯುವುದಿಲ್ಲ.

"ಮೆರವಣಿಗೇಲಿ ಎಲ್ರೂ ನಮ್ಮೋರೇ," ಎನ್ನುತ್ತಾರೆ. "ಗಂಟಲು ಹರಿಯೋ ಹಾಗೆ ಕೂಗ್ತಾರೆ. ಬೆಳಿಗ್ಗೆ ನಾನು ಬರೋದು ಕಂಡ್ರೆ ಕಿಟಕಿ ಹಾಕ್ಕೋತಾರೆ."

ಹತ್ತೊಂಬತ್ತನೇ ನಂಬರಿನ ಮನೆ ಅವರ ಸ್ವಂತ ಅಕ್ಕನದು. ಕಾರ್ಖಾನೆಯ ಮೊದಲ ಪಾಳಿಗೆ ಹೋಗುವ ತಾಯಂದಿರು ಆರು ಗಂಟೆಗೆಲ್ಲ ನಿದ್ದೆಗಣ್ಣಿನ ಮಕ್ಕಳನ್ನು ಇಲ್ಲಿ ಬಿಟ್ಟುಹೋಗುತ್ತಾರೆ. ಒಟ್ಟು ಹನ್ನೊಂದು ಮಕ್ಕಳು. ಹೋರಾಟಕ್ಕೆ ಮುಂಚೆ ಮಳೆಗಾಲದಲ್ಲಿ ಈ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತಿತ್ತು. ಕಾರ್ಖಾನೆಯವರು ತಗ್ಗು ತುಂಬಲು ತಮ್ಮ ತ್ಯಾಜ್ಯದ ಬೂದುಬಣ್ಣದ ಮಣ್ಣನ್ನು ಪುಕ್ಕಟೆ ಕೊಡುತ್ತಿದ್ದ ಕಾಲ ಅದು. ಮೀಟರಕ್ಕ ತಾವೇ ಅರ್ಜಿ ಬರೆದು, ಲಾರಿ ಜೊತೆ ಓಡಾಡಿ, ನಾಲ್ಕು ಲೋಡು ಹಾಕಿಸಿದರು.

"ಅಕ್ಕ ಆವತ್ತು ನನ್ನ ಬಾಯಿಗೆ ಸಕ್ಕರೆ ಹಾಕಿದ್ಲು," ಎಂದು ಕೋಲಿನ ತುದಿಯನ್ನು ಒರೆಸುತ್ತಾರೆ.

ಮಾಮೂಲಿ ಅಂಗಳದಲ್ಲಿ ಮೀಟರು ಸೊನ್ನೆ ದಶಮಾಂಶ ಒಂದು ತೋರಿಸುತ್ತದೆ. ನಮ್ಮವರ ಮನೆಯೆಂದು ಅಷ್ಟು ದಿನ ಬಿಟ್ಟಿದ್ದ ಅಕ್ಕನ ಅಂಗಳವನ್ನು ಮೂರು ತಿಂಗಳ ಹಿಂದೆ ಮೊದಲ ಸಲ ಅಳೆದಾಗ ಸೊನ್ನೆ ದಶಮಾಂಶ ಒಂಬತ್ತು ಬಂತು. ಗಾಬರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿಬಿಟ್ಟರು. ಮಗು ಬಿಡಲು ಬಂದಿದ್ದ ತಾಯಿಯೊಬ್ಬಳು ಕೇಳಿಸಿಕೊಂಡು ಹಾಗೇ ವಾಪಸ್ ಹೋದಳು. ಮಾರನೆಯ ದಿನದಿಂದ ಮೀಟರಕ್ಕ ಬರುವ ಹೊತ್ತಿಗೆ ಗೇಟಿಗೆ ಬೀಗ ಬೀಳತೊಡಗಿತು.

ಕಾರ್ಖಾನೆಯ ಪರವಾನಗಿ ಮುಂದುವರಿಸಬೇಕೋ ಬೇಡವೋ ಎಂಬ ಸಾರ್ವಜನಿಕ ವಿಚಾರಣೆ ಬರುವ ಸೋಮವಾರ ಇದೆ. ಅಂಕಿಗಳನ್ನು ಓದಬೇಕಾದವರು ಮೀಟರಕ್ಕ. "ಆ ಒಂದು ಮನೆ ಬಿಟ್ಬಿಡಿ ಅಕ್ಕಾ, ನಿಮ್ಮ ಮನೆಯೋರೇ ಅಲ್ವಾ," ಎಂದಿದ್ದಾರೆ ಸಮಿತಿಯ ಕಾರ್ಯದರ್ಶಿ.

"ಎಲ್ಲಕ್ಕಿಂತ ಜಾಸ್ತಿ ಇರೋ ಮನೇನೇ ಬಿಟ್ರೆ ಆರು ವರ್ಷ ನಾನು ಅಳೆದಿದ್ದಾದ್ರೂ ಏನು?"

ಆರು ಗಂಟೆ. ಹತ್ತೊಂಬತ್ತನೇ ಗೇಟಿನ ಹೊರಗೇ ಕೋಲು ಊರುತ್ತಾರೆ. ಕಂಕುಳಲ್ಲಿ ಮಗು ಎತ್ತಿಕೊಂಡ ಅಕ್ಕ ಬಾಗಿಲಿಗೆ ಬರುತ್ತಾರೆ. ತಂಗಿಯ ಮುಖ ನೋಡದೆ ಮಗುವಿಗೆ ಹೇಳುತ್ತಾರೆ.

"ನೋಡು ಕಂದಾ, ಬಂದ್ಳು ಮಹಾರಾಯ್ತಿ. ಇದ್ದ ಬದ್ದೋರನ್ನೆಲ್ಲ ಓಡಿಸೋವರ್ಗೂ ಇವಳ ಕಣ್ಣಿಗೆ ನಿದ್ದೆ ಹತ್ತಲ್ಲ."

ಮಗು ಕೈ ಬೀಸುತ್ತದೆ. ಮೀಟರಕ್ಕ ಬೀಸಲು ಕೈಯೆತ್ತಿ, ಅಕ್ಕನ ಕಡೆ ನೋಡಿ, ಇಳಿಸುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿದ ಏಳು ನಿಮಿಷ ಅವರು ಅಲ್ಲೇ ನಿಲ್ಲುತ್ತಾರೆ.

ಹೊರಡುವಾಗ ಗೇಟಿನ ಸರಳುಗಳ ನಡುವಿನಿಂದ ಅಂಗಳವನ್ನು ಇನ್ನೊಮ್ಮೆ ನೋಡುತ್ತಾರೆ. ಮಕ್ಕಳನ್ನು ಆಡಲು ಬಿಡುತ್ತಿದ್ದ ದೊಡ್ಡ ಚಾಪೆ ಬೂದು ಮಣ್ಣಿನ ಮೇಲಿಲ್ಲ. ಜಗುಲಿಯ ಸಿಮೆಂಟಿನ ಮೇಲಿದೆ. ಮಕ್ಕಳು ಅಂಗಳಕ್ಕೆ ಇಳಿಯದಂತೆ ಮೆಟ್ಟಿಲಿಗೆ ಬೆಂಚು ಅಡ್ಡ ಇಟ್ಟಿದೆ.

ಪುಸ್ತಕ ತೆಗೆದು ಷರಾ ಅಂಕಣದಲ್ಲಿ ಬರೆಯುತ್ತಾರೆ: "ಗೇಟಿಗೆ ಬೀಗ. ಅಳೆದದ್ದು ಹೊರಗಿನಿಂದ. ಚಾಪೆ ಜಗುಲಿಯಲ್ಲಿ."

ಸೋಮವಾರ ಏನು ಓದುತ್ತೀರಿ ಎಂದರೆ ಕೋಲನ್ನು ಹೆಗಲಿಗೇರಿಸುತ್ತಾರೆ.

"ಎಲ್ಲಾನೂ ಓದ್ತೀನಿ. ಹತ್ತೊಂಬತ್ತನೇ ಮನೆ ಬಂದಾಗ ಮಾತ್ರ, ಆ ಮಣ್ಣು ಹಾಕಿಸಿದೋಳು ನಾನು ಅಂತ ಮೊದ್ಲು ಹೇಳ್ತೀನಿ. ಅಂಕಿ ಆಮೇಲೆ."