ಪಂಚಮಿಗೆ ಒಯ್ದ ಫರಸಿ

ಕಾರ್ಖಾನೆಯ ಆವರಣದಿಂದ ಒಂದು ಕಲ್ಲೂ ಹೊರಗೆ ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ. ಕಲ್ಲುಗಳನ್ನು ಹೊರಗೆ ಸಾಗಿಸಿದವನೇ ನಾನು. ಅವು ಹೋಗಿ ಬಿದ್ದದ್ದು ನನ್ನ ತಂಗಿಯ ಹಿತ್ತಲಲ್ಲಿ.

ಇದು ಮೂರು ವರ್ಷದ ಹಿಂದಿನ ಮಾತು. ನಾನು ಓದಿದ್ದು ಏಳನೇ ಇಯತ್ತೆ. ಗೋಡೆ ಕೆಡವುವ, ಮಣ್ಣು ಅಗೆಯುವ ಕೂಲಿ ಮಾಡುತ್ತ ಮಾಡುತ್ತ ಮುಕಾದಮನಾಗಿದ್ದೆ, ಅಂದರೆ ಕೂಲಿಯವರ ಮೇಲ್ವಿಚಾರಕ. ನಮ್ಮ ಗುತ್ತಿಗೆದಾರರಿಗೆ ಬೆಳಗಾವಿಯ ಅಂಚಿನ ಮಚ್ಛೆಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯನ್ನು ಸ್ವಚ್ಛ ಮಾಡುವ ಕೆಲಸ ಸಿಕ್ಕಿತು. ಅಲ್ಲಿ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ ಮಾರುತ್ತಿದ್ದರಂತೆ. ಮಾಲೀಕ ಬೀಗ ಹಾಕಿಕೊಂಡು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೋಗುವಾಗ ಸೀಸ ಒಯ್ದು ಹೊಲಸು ಬಿಟ್ಟಿದ್ದ.

ಅಂಥ ಹೊಲಸನ್ನು ನಾನು ಗಟಾರ ಬಳಿಯುವಾಗಲೂ ಕಂಡಿರಲಿಲ್ಲ. ಒಡೆದ ಬ್ಯಾಟರಿ ಡಬ್ಬಿಗಳ ರಾಶಿಯ ಕೆಳಗೆ ಮಣ್ಣು ಕೊಳೆತ ಕರುಳಿನ ಹಾಗೆ ಕಪ್ಪಗೆ ಜಿನುಗುತ್ತಿತ್ತು. ಆ್ಯಸಿಡ್‌ನ ಹುಳಿ ವಾಸನೆ ಮಾಸ್ಕ್ ದಾಟಿ ಗಂಟಲಿಗೆ ಇಳಿಯುತ್ತಿತ್ತು. ಉಗುಳಿದರೆ ಉಗುಳೂ ಬೂದು ಬಣ್ಣ. ಎಲ್ಲಕ್ಕಿಂತ ಹೇಸಿಗೆಯೆಂದರೆ, ತುಟಿಯ ಮೇಲೆ ಕೂತ ಧೂಳು ತುಸು ಸಿಹಿಯಾಗಿತ್ತು.

ಒಂದೂವರೆ ಅಡಿ ಮಣ್ಣು ಅಗೆದು, ದಪ್ಪ ಚೀಲಕ್ಕೆ ತುಂಬಿ, ವಿಷದ ಕಸ ಹೂಳುವ ಜಾಗಕ್ಕೆ ಮುಚ್ಚಿದ ಲಾರಿಯಲ್ಲಿ ಕಳಿಸಬೇಕಿತ್ತು. ಎಂಜಿನಿಯರ್ ಸುನಂದಾ ಮೇಡಂ ಪಿಸ್ತೂಲಿನಂಥ ಒಂದು ಯಂತ್ರವನ್ನು ನೆಲಕ್ಕೆ ಒತ್ತಿದರೆ, ಎಷ್ಟು ಸೀಸ ಉಳಿದಿದೆ ಎಂದು ಅದು ಅಂಕಿ ತೋರಿಸುತ್ತಿತ್ತು. ಸಾಬೂನು ಹಚ್ಚಿ ಎರಡು ಸಲ ಕೈ ತೊಳೆಯದವರಿಗೆ ಅವರು ಬುತ್ತಿ ಬಿಚ್ಚಲು ಬಿಡುತ್ತಿರಲಿಲ್ಲ.

ಬ್ಯಾಟರಿ ಒಡೆಯುವ ಶೆಡ್ಡಿನ ನೆಲಕ್ಕೆ ಫರಸಿ ಕಲ್ಲು ಹಾಸಿದ್ದರು. ದಪ್ಪ, ಅಗಲ, ಒಂದಕ್ಕೂ ಬಿರುಕಿಲ್ಲ. ಅವನ್ನೂ ಒಡೆದು ಚೀಲಕ್ಕೆ ಹಾಕಿರಿ ಎಂದರು ಮೇಡಂ. ನಮ್ಮ ಕಸುಬಿನವರಿಗೆ ಚಲೋ ಕಲ್ಲು ಒಡೆಯಲು ಕೈ ಬರುವುದಿಲ್ಲ. ನಾವು ಕೆಡವಿದ ಮನೆಯ ತೊಲೆ, ಬಾಗಿಲು, ಕಲ್ಲು ಯಾರದಾದರೂ ಮನೆ ಸೇರಿಯೇ ಸೇರುತ್ತವೆ. ಕಲ್ಲಿಗೇನಾಗುತ್ತದೆ, ತೊಳೆದರೆ ಹೋಯಿತು ಎಂದುಕೊಂಡೆ.

ಪಂಚಮಿ ಹತ್ತಿರ ಬಂದಿತ್ತು. ತಂಗಿ ಗಂಗವ್ವನನ್ನು ಕೊಟ್ಟದ್ದು ಖಾನಾಪುರ ತಾಲೂಕಿನ ಪಾರಿಶ್ವಾಡಕ್ಕೆ. ಅಪ್ಪ ಅವ್ವ ಇಲ್ಲ. ಅವಳಿಗೆ ತವರು ಅಂದರೆ ನಾನೊಬ್ಬನೇ. ಎಷ್ಟೋ ಪಂಚಮಿಗೆ ಬರಿಗೈಯಲ್ಲಿ ಹೋಗಿದ್ದೆ. ಈ ಸಲ ಒಂದು ಟೆಂಪೊ ಫರಸಿ ಹೇರಿಕೊಂಡು ಹೋದೆ.

“ಮಂದಿ ಅಣ್ಣದೇರು ಸೀರಿ ತರತಾರ. ನಮ್ಮಣ್ಣ ಕಲ್ಲು ತಂದಾನ ನೋಡ್ರಿ,” ಎಂದು ಗಂಗವ್ವ ಬಾಜು ಮನೆಯವಳಿಗೆ ಹೇಳಿದಳು. ಆದರೆ ಮುಖ ಅರಳಿತ್ತು. ಹಿತ್ತಲ ಕೆಸರು ತುಳಿದು ಅವಳು ಬೇಸತ್ತಿದ್ದಳು. ಎಮ್ಮೆ ಕಟ್ಟುವಲ್ಲಿ, ಪಾತ್ರೆ ತಿಕ್ಕುವಲ್ಲಿ ನಾನೇ ಹಾಸಿಕೊಟ್ಟೆ. ನೀರು ಹೊಯ್ದಾಗ ಕಲ್ಲಿನಿಂದ ಬೂದು ರಾಡಿ ಇಳಿಯಿತು. ಎಮ್ಮೆ ಬಗ್ಗಿ ಕಲ್ಲು ನೆಕ್ಕಿತು.

“ನಿನ್ನ ಎಮ್ಮಿಗೂ ಸೇರ್ಯಾವಲ್ಲವಾ,” ಎಂದು ನಕ್ಕೆ.

ಕೆಲಸಕ್ಕೆ ಮರಳಿದಾಗ ಮೇಡಂ, ಫರಸಿ ಎಲ್ಲ ಚೀಲಕ್ಕೆ ಹೋದವೇ ಎಂದು ಕೇಳಿದರು. ಹೋದವು ಎಂದೆ. ಆಮೇಲೆ ಅವರು ಕೂಲಿಯವರನ್ನೆಲ್ಲ ಕೂರಿಸಿ ತಿಳಿಸಿ ಹೇಳಿದರು: ಸೀಸ ಕಲ್ಲಿನ ಸಣ್ಣ ಸಣ್ಣ ರಂಧ್ರಕ್ಕೆ ಇಳಿದಿರುತ್ತದೆ, ತೊಳೆದರೆ ಹೋಗುವುದಿಲ್ಲ, ಧೂಳಾಗಿ ಕೈಗೆ ಹತ್ತುತ್ತದೆ, ಸಣ್ಣ ಮಕ್ಕಳ ಮಿದುಳನ್ನೇ ಹಿಡಿಯುತ್ತದೆ. ಅವತ್ತೇ ನಾನು ಪಾರಿಶ್ವಾಡಕ್ಕೆ ಓಡಬೇಕಿತ್ತು. ಓಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು. ಜನ್ಮದಲ್ಲಿ ಕೊಟ್ಟ ಒಂದೇ ಉಡುಗೊರೆಯನ್ನು ವಿಷ ಎಂದು ಹೇಗೆ ಹೇಳಲಿ ಎಂಬ ನಾಚಿಕೆ ಅದಕ್ಕಿಂತ ದೊಡ್ಡದಿತ್ತು.

ದೀಪಾವಳಿಗೆ ಮುಂಚೆ ಎಮ್ಮೆ ಕುರುಡಾಯಿತು. ಹಲ್ಲು ಕಡಿಯುತ್ತ, ಗೋಡೆಗೆ ತಲೆ ಒತ್ತಿಕೊಂಡು ನಿಂತು, ನಡುಗಿ ಬಿದ್ದು ಸತ್ತಿತು. ಸುದ್ದಿ ಕೇಳಿ ಹೋದೆ.

“ಯಾರದರ ದೃಷ್ಟಿ ಬಡದಿರಬೇಕಲ್ಲಣ್ಣಾ?” ಎಂದಳು ಗಂಗವ್ವ.

“ಇರಬೇಕು,” ಎಂದೆ.

ಆ ಒಂದು ಮಾತು ನೆನೆದರೆ ಇವತ್ತಿಗೂ ನನ್ನ ಬಾಯಿಯ ಬಗ್ಗೆ ನನಗೇ ಹೇಸಿಗೆ. ಅವಳ ಮಗಳು, ಇನ್ನೂ ತೆವಳುವ ಕೂಸು, ಅದೇ ಫರಸಿಯ ಮೇಲೆ ಕೂತು ಬೆರಳು ಚೀಪುತ್ತಿತ್ತು. ಎತ್ತಿಕೊಂಡು ಅದರ ಕೈ ತೊಳೆದೆ. ಬಾಯಿ ಬಿಡಲಿಲ್ಲ. ಸಂಜೆಯ ಬಸ್ಸಿಗೆ ಮರಳಿದೆ.

ಮರುದಿನ ಊಟದ ಹೊತ್ತಿಗೆ ಕೂಲಿಯವರು ಸಾಲಾಗಿ ನಿಂತು ಕೈ ತೊಳೆಯುತ್ತಿದ್ದರು. ಎರಡು ಸಲ, ಉಗುರಿನ ಸಂದಿಯ ತನಕ. ಅದನ್ನು ನೋಡುತ್ತ ನಿಲ್ಲಲಾಗಲಿಲ್ಲ. ಮೇಡಂ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

“ಕೂಸಿಗೆ ಎಷ್ಟು ತಿಂಗಳ್ರೀ?” ಎಂದಷ್ಟೇ ಕೇಳಿದರು. ಒಂಬತ್ತು ಎಂದೆ. “ಕಲ್ಲು ತಗಸೂದು ನಾ ನೋಡ್ಕೋತೇನಿ. ನಿಮ್ಮ ತಂಗೀಗೆ ಮಾತ್ರ ನೀವ ಹೇಳ್ಬೇಕು.”

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಫರಸಿಯನ್ನೂ ಅದರ ಕೆಳಗಿನ ಮಣ್ಣನ್ನೂ ನಾನೇ ಅಗೆದು ಚೀಲಕ್ಕೆ ತುಂಬಿದೆ. ಮುಕಾದಮಿಕೆ ಹೋಯಿತು, ಹೋಗಬೇಕಾದದ್ದೇ. ಕೂಸಿನ ರಕ್ತದಲ್ಲಿ ಸೀಸ ಸಿಕ್ಕಿತು. ಸೀಸದಿಂದ ದೂರ ಇಟ್ಟರೆ ಇಳಿಯುತ್ತದೆ ಎಂದರು ಡಾಕ್ಟರು, ಇಳಿದಿದೆ ಕೂಡ. ಆದರೆ ಒಳಗೆ ಎಷ್ಟು ಕೆಡಿಸಿದೆ ಎಂಬುದು ಸಾಲೆಗೆ ಹೋದ ಮೇಲೆಯೇ ತಿಳಿಯುವುದಂತೆ. ಈಗ ಅವಳಿಗೆ ನಾಲ್ಕು ಹತ್ತಿರ. ಮಾತು ಇನ್ನೂ ಕಡಿಮೆ. ತೊಳೆದರೆ ಹೋಯಿತು ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. ತೊಳೆದರೂ ಹೋಗದ ಹೊಲಸು ಇರುತ್ತದೆ. ಅದು ಇಲ್ಲಿದೆ ಎಂದು ಮೊದಲು ಬಾಯಿಬಿಟ್ಟು ತೋರಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟು.

ಕಲ್ಲು ತೆಗೆಯಲು ಪಾರಿಶ್ವಾಡಕ್ಕೆ ಹೋದ ದಿನ ಮೇಡಂ ಯಂತ್ರ ಹಿಡಿದು ಮನೆಯ ಹೊರಗೇ ನಿಂತರು. ನಾನೊಬ್ಬನೇ ಹಿತ್ತಲಿಗೆ ಹೋದೆ. ಎಮ್ಮೆ ಕಟ್ಟುತ್ತಿದ್ದ ಗೂಟಕ್ಕೆ ಗಂಗವ್ವ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದಳು. ಕೂಸು ಅವಳ ಕಾಲಬಳಿ ಕಲ್ಲಿನ ಮೇಲೆ ಕೂತಿತ್ತು. ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟೆ.

“ಅದನ್ನ ಬಿಚ್ಚು ಗಂಗವ್ವಾ. ದೃಷ್ಟಿ ಅಲ್ಲ ಅದು. ನಾ ತಂದ ಕಲ್ಲಾಗ ವಿಷ ಐತಿ. ನನಗ ಗೊತ್ತಿತ್ತು, ಹೇಳಲಿಲ್ಲ. ನಿನ್ನ ಎಮ್ಮಿ ಕೊಂದಾವ ನಾ. ಈ ಕೂಸಿಗೆ ವಿಷ ತಿನಿಸಿದಾವ ನಾ. ತಪ್ಪಾತವಾ, ನನ್ನ ತಂಗಿ, ನಂದು ತಪ್ಪಾತು.”